ಎರಡು ನೀಲಿ

ಬೀದರಿನ ಹಳೆಯ ಪೇಟೆಯಲ್ಲಿದ್ದ ನಮ್ಮ ಮನೆಯಲ್ಲಿ ಅಡುಗೆಮನೆಗಿಂತ, ನಾವೆಲ್ಲ ಮಲಗುತ್ತಿದ್ದ ಪಡಸಾಲೆಗಿಂತ ದೊಡ್ಡದಾಗಿದ್ದದ್ದು ಬಣ್ಣದ ಕೋಣೆ. ನಮ್ಮಪ್ಪ ಬೋರ್ಡು ಬರೆಯುವವನು. ಅಂಗಡಿಗಳ ತಗಡಿನ ಬೋರ್ಡು, ಕಚೇರಿಗಳ ಕಟ್ಟಿಗೆಯ ಬೋರ್ಡು, ಗೋಡೆಯ ಮೇಲಿನ ಆಳೆತ್ತರದ ಅಕ್ಷರ, ಮದುವೆ ಮನೆಯ ಬಾಗಿಲಿನ ಹೂಬಳ್ಳಿ, ಏನಿದ್ದರೂ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಆಗ ನಮ್ಮ ಕಡೆ ಕಲಸಿಟ್ಟ ಬಣ್ಣದ ಡಬ್ಬಿಗಳು ಅಪರೂಪ. ಬಣ್ಣವೆಂದರೆ ಪುಡಿ. ಅದನ್ನು ಅಗಸೆ ಎಣ್ಣೆಯಲ್ಲಿ ಅರೆದರೆ ತಗಡಿಗೆ, ಜಾಲಿ ಅಂಟಿನ ನೀರಿನಲ್ಲಿ ಕದಡಿದರೆ ಗೋಡೆಗೆ. ಆ ಕೋಣೆಯ ಬಾಗಿಲು ತೆಗೆದರೆ ಸಾಕು, ನಾನು ಒಳಗೆ ನುಗ್ಗುತ್ತಿದ್ದೆ. ಮಣ್ಣಿನ ಗಡಿಗೆ, ತಗಡಿನ ಡಬ್ಬಿ, ಬಟ್ಟೆಯ ಗಂಟು, ಗಾಜಿನ ಬರಣಿ, ಒಂದೊಂದರಲ್ಲೂ ಒಂದೊಂದು ಸ್ವಭಾವ. ಸಿಂಧೂರದ ಡಬ್ಬಿ ನನ್ನ ಅಂಗೈಯಷ್ಟೇ ಇತ್ತು, ಆದರೆ ಎತ್ತಲು ಎರಡೂ ಕೈ ಬೇಕಿತ್ತು. ಕಾಡಿಗೆಯ ಗಡಿಗೆ ಎಷ್ಟು ದೊಡ್ಡದಿದ್ದರೂ ಖಾಲಿ ಇದ್ದಂತೆ ಹಗುರ, ಮುಚ್ಚಳ ತೆಗೆದು ಜೋರಾಗಿ ಉಸಿರು ಬಿಟ್ಟರೆ ಮುಖವೆಲ್ಲ ಕಪ್ಪು. ಹಳದಿ ಹರಿದಾಳ ಬಂಗಾರದಂತೆ ಹೊಳೆಯುತ್ತಿತ್ತು, ಆದರೆ ಅದು ವಿಷ ಎಂದು ಅವ್ವ ಅದನ್ನು ನನ್ನ ಕೈಗೆ ಸಿಗದ ಮೇಲಿನ ಹಲಗೆಗೆ ಏರಿಸಿದ್ದಳು. ಊಟಕ್ಕೆ ಕೂರುವ ಮೊದಲು ಅವ್ವ ಎಲ್ಲರ ಕೈ ಮೂಸಿ ನೋಡುತ್ತಿದ್ದಳು, ಅಪ್ಪನದೂ. ಎಣ್ಣೆಯ ವಾಸನೆ ಬಂದರೆ ಬೂದಿ ಹಚ್ಚಿ ಮತ್ತೊಮ್ಮೆ ತೊಳೆದು ಬರಬೇಕು, ಅಲ್ಲಿಯವರೆಗೆ ರೊಟ್ಟಿ ತಾಟಿಗೆ ಬೀಳುತ್ತಿರಲಿಲ್ಲ.

ಕೆಲವು ಬಣ್ಣಗಳನ್ನು ನಾವೇ ಮಾಡಿಕೊಳ್ಳುತ್ತಿದ್ದೆವು. ಸುಗ್ಗಿ ಮುಗಿದ ಮೇಲೆ ಅಪ್ಪ ನನ್ನನ್ನು ನೌಬಾದದ ಕಡೆಗೆ ಕರೆದುಕೊಂಡು ಹೋಗುತ್ತಿದ್ದ. ಅಲ್ಲಿ ನೆಲ ಅಗೆದಲ್ಲೆಲ್ಲ ಕೆಂಪು. ನನಗೆ ಎಲ್ಲ ಕೆಂಪೂ ಒಂದೇ ಥರ ಕಂಡರೆ ಅಪ್ಪ ಚಿಟಿಕೆ ಮಣ್ಣನ್ನು ಬೆರಳ ನಡುವೆ ಉಜ್ಜಿ, ನಾಲಿಗೆಗೆ ತಾಗಿಸಿ, ಇದು ಬೇಡ, ಅದು ಬೇಡ ಎನ್ನುತ್ತ ಕೊನೆಗೆ ಒಂದು ಕುಳಿಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ. ಆ ಮಣ್ಣನ್ನು ಚೀಲದಲ್ಲಿ ತಂದು ಅಂಗಳದ ಗಡಿಗೆಯಲ್ಲಿ ನೀರು ಹಾಕಿ ಕದಡಿ, ಮರಳು ತಳಕ್ಕಿಳಿದ ಕೂಡಲೇ ಮೇಲಿನ ಕೆಂಪು ನೀರನ್ನು ಎರಡನೇ ಗಡಿಗೆಗೆ ಬಗ್ಗಿಸಬೇಕು. ಅಲ್ಲಿಂದ ಮೂರನೆಯದಕ್ಕೆ, ಮೂರನೆಯದರಿಂದ ನಾಲ್ಕನೆಯದಕ್ಕೆ. ನಾಲ್ಕನೇ ಗಡಿಗೆಯ ತಳದಲ್ಲಿ ಎರಡು ದಿನಕ್ಕೆ ನಿಲ್ಲುವ ಕೆಸರು ಬೆಣ್ಣೆಯಷ್ಟು ನುಣುಪು. ಅದನ್ನು ಒಣಗಿಸಿ ಕುಟ್ಟಿದರೆ ಗೇರು, ನಮ್ಮ ಕೆಂಪು ಬಣ್ಣ. ತುಳಿದುಕೊಂಡು ಓಡಾಡುವ ನೆಲವೇ ಅಂಗಡಿಯ ಹಣೆಯ ಮೇಲೆ ಅಕ್ಷರವಾಗಿ ನಿಲ್ಲುತ್ತದಲ್ಲ ಎಂದು ನನಗೆ ಪ್ರತಿಸಲವೂ ಹಿಗ್ಗು.

ನಾನು ಹತ್ತು ವರ್ಷದವಳಿದ್ದಾಗ ಚಿಂತಾಕಿಯ ಮಾಮಾ ನಮ್ಮ ಮನೆಗೆ ಬಂದು ನಿಂತ. ಅವ್ವನ ತಮ್ಮ, ವಿಶ್ವನಾಥ. ಅವ್ವನ ತವರು ಔರಾದ ತಾಲೂಕಿನ ಚಿಂತಾಕಿ. ಕಪ್ಪು ಹೊಲದ ಒಕ್ಕಲುತನದ ಆ ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವನು ಅವನು. ಹೈದರಾಬಾದಿನಲ್ಲಿ ರಸಾಯನಶಾಸ್ತ್ರ ಓದಿ ಮುಗಿಸಿ, ಮಾಸ್ತರಿಕೆಯ ಆರ್ಡರು ಬರುವವರೆಗೆ ಅಕ್ಕನ ಮನೆಯಲ್ಲಿ ಇರಲು ಬಂದಿದ್ದ. ಒಂದು ಟ್ರಂಕಿನ ತುಂಬ ಪುಸ್ತಕ, ನಾಲ್ಕು ಗಾಜಿನ ನಳಿಗೆ, ಯಾವುದನ್ನು ಕಂಡರೂ ಇದರೊಳಗೆ ಏನಿದೆ ಎಂದು ಕೇಳುವ ಚಾಳಿ, ಇಷ್ಟೇ ಅವನ ಆಸ್ತಿ. ಬಂದ ಮರುದಿನವೇ ಬಣ್ಣದ ಕೋಣೆ ಹೊಕ್ಕವನು ಮಧ್ಯಾಹ್ನದ ಊಟಕ್ಕೆ ಕರೆದರೂ ಹೊರಬರಲಿಲ್ಲ. ಕೊನೆಗೆ ಹಳದಿ ಮಣ್ಣಿನ ಗಂಟು ಹಿಡಿದು ನೇರ ಅಡುಗೆಮನೆಗೆ ನಡೆದ. ನಾನು ಹಿಂದೆ ಹಿಂದೆ.

"ಅಕ್ಕಾ, ಜರಾ ಆ ಹಂಚು ಖಾಲಿ ಮಾಡು."

"ಇನ್ನಾ ನಾಕ್ ರೊಟ್ಟಿ ಬಡೀಬೇಕು. ಯಾಕ?"

"ಎರಡೇ ಮಿನಿಟು. ಕಸ್ತೂರಿ, ಬಾ ಇಲ್ಲಿ. ಇದು ಯಾವ ಬಣ್ಣ?"

"ಹಳದಿ."

"ಪಕ್ಕಾ? ಬರೋಬರಿ ನೋಡಿ ಹೇಳು."

ಅವ್ವ ಬೇಡ ಬೇಡ ಎನ್ನುವಷ್ಟರಲ್ಲಿ ಮಾಮಾ ಕಾದ ಹಂಚಿನ ಮೇಲೆ ಹಳದಿ ಮಣ್ಣು ಉದುರಿಸಿ ಒಲೆಗೆ ಎರಡು ಕಟ್ಟಿಗೆ ಹೆಚ್ಚು ತುರುಕಿದ. ಮೊದಲು ಹಬೆ ಎದ್ದಿತು. ಆಮೇಲೆ ಅಂಚಿನಲ್ಲಿ ಕಿತ್ತಳೆಯ ಗೆರೆಯೊಂದು ಮೂಡಿ ನಡುವಿನ ಕಡೆಗೆ ಹರಿಯತೊಡಗಿತು. ಅವನು ಸೌಟಿನಿಂದ ಕೆದಕುತ್ತಿದ್ದ, ನಾನು ಬಾಯಿ ತೆರೆದು ನೋಡುತ್ತಿದ್ದೆ. ನನ್ನ ಕಣ್ಣೆದುರಿಗೇ, ಯಾರೂ ಒಂದು ಹನಿ ಬೇರೆ ಬಣ್ಣ ಹಾಕದೆ, ಹಳದಿ ಮಣ್ಣು ಇಟ್ಟಿಗೆಯಷ್ಟು ಕೆಂಪಾಯಿತು! ನಾನು ಕಿರುಚಿಕೊಂಡ ಸದ್ದಿಗೆ ಪಡಸಾಲೆಯಿಂದ ಅಪ್ಪನೂ ಆಯಿಯೂ ಓಡಿಬಂದರು. ಆಯಿ ಎಂದರೆ ಅಪ್ಪನ ತಾಯಿ.

"ಇದೂ ಕಬ್ಬಿಣನೇ, ನಿಮ್ಮ ನೌಬಾದದ ಗೇರೂ ಕಬ್ಬಿಣನೇ," ಎಂದ ಮಾಮಾ. "ಹಳದಿ ಮಣ್ಣಿನಾಗ ನೀರು ಸೇರ್ಕೊಂಡಿರ್ತದ. ಬೆಂಕಿ ಅದನ್ನ ಹೊರಗ ಹಾಕಿತು, ಕೆಂಪಾತು. ಮತ್ತ ಭಾವಾರ, ನಿಮ್ಮ ಆ ಹೊಸಾ ಬಂಬಯಿ ನೀಲಿ ಅದಲ್ಲ, ಅದರಾಗೂ ಕಬ್ಬಿಣನೇ ಅದ."

"ನೀಲಿ ಒಳಗ ಕಬ್ಬಿಣ?" ಅಪ್ಪ ನಕ್ಕುಬಿಟ್ಟ. "ಹುಚ್ಚು ಹಿಡದದೇನೋ ನಿನಗ?"

ಅವ್ವ ಮಾತ್ರ ನಗಲಿಲ್ಲ. ಹಂಚನ್ನು ಇಕ್ಕಳದಿಂದ ಎತ್ತಿ ಅಂಗಳಕ್ಕೆ ಎಸೆದಳು. ಅಂದು ಸಂಜೆ ಮಾಮಾನೇ ಪೇಟೆಗೆ ಹೋಗಿ ಹೊಸ ಹಂಚು ತಂದ.

ಆ ದಿನದಿಂದ ನಮ್ಮ ಮನೆಯಲ್ಲಿ ಹೊಸದೊಂದು ಜಗಳ ಹುಟ್ಟಿಕೊಂಡಿತು. ಬಣ್ಣಗಳನ್ನು ಹಲಗೆಯ ಮೇಲೆ ಹೇಗೆ ಜೋಡಿಸಬೇಕು? ಅಪ್ಪನ ಪದ್ಧತಿ ಬಣ್ಣ ಎಲ್ಲಿಂದ, ಹೇಗೆ ಬಂತು ಎನ್ನುವುದು. ಎಡಗಡೆ ನೆಲದಿಂದ ಅಗೆದು ತೊಳೆದವು, ಗೇರು, ಹಳದಿ ಮಣ್ಣು, ಬಿಳಿಯ ಸುದ್ದೆ ಮಣ್ಣು. ನಡುವೆ ಬೆಂಕಿಯಿಂದ ಹುಟ್ಟಿದವು, ದೀಪದ ಕಾಡಿಗೆ, ಸೀಸ ಸುಟ್ಟು ಮಾಡುವ ಸಿಂಧೂರ. ಬಲಗಡೆ ಮುಂಬಯಿ ಕಾರ್ಖಾನೆಯ ಮುದ್ರೆ ಹೊತ್ತು ರೈಲಿನಲ್ಲಿ ಬಂದವು. ಮಾಮಾನಿಗೆ ಇದು ಸರಿಬರಲಿಲ್ಲ. ಒಳಗಿರುವುದನ್ನು ನೋಡಿ ಜೋಡಿಸಬೇಕು ಎಂಬುದು ಅವನ ಹಟ. ಕಬ್ಬಿಣದ್ದು ಒಂದು ಮನೆತನ, ಸೀಸದ್ದು ಒಂದು, ತಾಮ್ರದ್ದು ಒಂದು. ಹಿಂಗುಲದ ಕೆಂಪಿನಲ್ಲಿ ಪಾದರಸ ಮತ್ತು ಗಂಧಕ, ಹರಿದಾಳದಲ್ಲೂ ಗಂಧಕ, ಅವೆರಡನ್ನು ಸೀಸದ ಪಕ್ಕ ಇಡಲೇಬಾರದು, ಸೀಸಕ್ಕೂ ಗಂಧಕಕ್ಕೂ ಆಗಿಬರುವುದಿಲ್ಲ, ಕೂಡಿದರೆ ಕಪ್ಪಾಗುತ್ತವೆ ಎನ್ನುತ್ತಿದ್ದ. ಆಯಿ ಇಬ್ಬರನ್ನೂ ಒಪ್ಪಲಿಲ್ಲ. ಅವಳ ಲೆಕ್ಕದಲ್ಲಿ ಕೆಂಪು ಕೆಂಪಿನ ಜೊತೆ, ಹಳದಿ ಹಳದಿಯ ಜೊತೆ, ನೀಲಿ ನೀಲಿಯ ಜೊತೆ ಇರಬೇಕು.

"ಬಣ್ಣ ಅಂದ್ರ ಕಣ್ಣಿಗಿ ಕಾಣೋದು," ಎನ್ನುತ್ತಿದ್ದಳು ಆಯಿ. "ಬಂದ ಮಂದಿಗಿ ಒಳಗ ಸೀಸ ಅದೋ ಗಂಧಕ ಅದೋ ಏನ್ ಗೊತ್ತು? ಕೆಂಪು ಕೊಡ್ರಿ ಅಂತಾರ. ಕೈ ಕೆಂಪಿನ ಕಡಿ ಹೋಗಬೇಕು."

"ಆಯಿ, ಕೆಂಪು ಅಂದ್ರ ನಾಕ್ ಥರಾ ಅದಾವ್ರಿ," ಎನ್ನುತ್ತಿದ್ದ ಮಾಮಾ.

"ನಾಕೂ ಕೆಂಪೇ ಹೌದಿಲ್ಲ? ಮತ್ತ?"

ಹುರಿದ ಹಳದಿ ಮಣ್ಣನ್ನು ಎಲ್ಲಿಡಬೇಕು ಎನ್ನುವುದಕ್ಕಂತೂ ಒಂದು ವಾರ ವಾದ ನಡೆಯಿತು. ನೆಲದ್ದೆಂದು ಎಡಕ್ಕೋ, ಬೆಂಕಿಯದೆಂದು ನಡುವೆಯೋ, ಕಬ್ಬಿಣದ ಮನೆತನಕ್ಕೋ, ಕೆಂಪಿನ ಸಾಲಿಗೋ? ನಾನು ದಿನಕ್ಕೊಬ್ಬರ ಪಕ್ಷ. ಆ ಡಬ್ಬಿ ಇಲ್ಲಿಂದಲ್ಲಿಗೆ ಅಲ್ಲಿಂದಿಲ್ಲಿಗೆ ಓಡಾಡುತ್ತಲೇ ಇತ್ತು. ಊಟದ ಹೊತ್ತಿಗೆ ಪುಂಡಿಪಲ್ಯ ಬಡಿಸುತ್ತಿದ್ದ ಅವ್ವ ತಲೆ ಚಿಟ್ಟು ಹಿಡಿದು ಒಂದು ದಿನ ತೀರ್ಪು ಕೊಟ್ಟಳು.

"ಯಾರು ಕೋಣಿ ಸ್ವಚ್ಛ ಮಾಡ್ತಾರೋ ಅವರು ಹೇಳ್ದಂಗ. ಮುಗೀತು."

ದಸರೆಯ ಮುಂದೆ ಕೋಣೆ ಝಾಡಿಸಿ ಸಾರಿಸಿದವರು ಆಯಿ ಮತ್ತು ನಾನು. ಹಾಗಾಗಿ ಆಯಿ ಗೆದ್ದಳು. ಬಿಳಿಯಿಂದ ಶುರುವಾಗಿ ಹಳದಿ, ಕೆಂಪು, ಹಸಿರು, ನೀಲಿ ಎಂದು ಸಾಗಿ ಕಪ್ಪಿನಲ್ಲಿ ಮುಗಿಯುವ ಸಾಲು ನೋಡಲು ಎಷ್ಟು ಚಂದವಿತ್ತೆಂದರೆ, ಅಪ್ಪನೂ ಬಾಗಿಲಲ್ಲಿ ನಿಂತು ಅದನ್ನು ಎರಡೆರಡು ಸಲ ನೋಡಿದ. ನೀಲಿಯ ಜಾಗದಲ್ಲಿ ಎರಡು ಡಬ್ಬಿ ಅಕ್ಕಪಕ್ಕ ಕೂತಿದ್ದವು. ಒಂದು, ಬಟ್ಟೆಗೆ ಹಾಕುವ, ಎಲ್ಲರ ಮನೆಯಲ್ಲೂ ಇರುವ ನೀಲಿ. ಇನ್ನೊಂದು, ಆ ವರ್ಷವೇ ಮೊದಲ ಸಲ ತರಿಸಿದ ಮುಂಬಯಿಯ ಕಡುನೀಲಿ. ಅಪ್ಪ ಅದನ್ನು ಅಲ್ಲಿಯವರೆಗೆ ತಗಡಿನ ಬೋರ್ಡಿಗೆ, ಎಣ್ಣೆಯಲ್ಲಿ ಮಾತ್ರ ಬಳಸಿದ್ದ.

ಇದೇ ದಿನಗಳಲ್ಲಿ ಊರಿನ ತುಂಬ ಒಂದೇ ಮಾತು. ನಾವು ಹೈದರಾಬಾದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರುತ್ತೇವೆ. ಮೈಸೂರು ಎಲ್ಲಿದೆ ಎಂದು ನಮ್ಮ ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ರೈಲಿನಲ್ಲಿ ಎರಡು ದಿನ ಎಂದು ಒಬ್ಬರು, ಅಲ್ಲಿಯ ಜನ ಮೂರು ಹೊತ್ತೂ ಅನ್ನವನ್ನೇ ಉಣ್ಣುತ್ತಾರೆ ಎಂದು ಇನ್ನೊಬ್ಬರು. ನಮ್ಮ ಮನೆಗೆ ಆ ಸುದ್ದಿ ಬಂದದ್ದು ಬೋರ್ಡುಗಳ ರೂಪದಲ್ಲಿ. ಅಲ್ಲಿಯವರೆಗೆ ಊರಿನ ಬೋರ್ಡುಗಳಲ್ಲಿ ಹೆಚ್ಚಿನವು ಉರ್ದು. ಈಗ ಎಲ್ಲರಿಗೂ ಕನ್ನಡ ಬೇಕು, ಅದೂ ಹೊಸ ರಾಜ್ಯ ಹುಟ್ಟುವ ಒಂದನೇ ತಾರೀಖಿನ ಮೊದಲು ಬೇಕು! ಬೀದರಿನ ಅಂಗಡಿಯವರು, ಔರಾದದ ಅಡತಿ ವ್ಯಾಪಾರಿಗಳು, ಸಾಲೆಯವರು, ಒಬ್ಬರ ಹಿಂದೊಬ್ಬರು ಬಂದು ಹಳೆಯ ಬೋರ್ಡು ನಮ್ಮ ಅಂಗಳದಲ್ಲಿ ಒರಗಿಸಿ ಹೋದರು. ಅಪ್ಪ ಎಲ್ಲರಿಗೂ ಹೂಂ ಎಂದ. ಮೂರು ದಿನ ಬರೀ ತಗಡು ತಿಕ್ಕುವುದರಲ್ಲೇ ಕಳೆದ. ತಾನೇ ಬರೆದಿದ್ದ ಉರ್ದು ಅಕ್ಷರಗಳ ಮೇಲೆ ಬಿಳಿ ಬಣ್ಣ ಎಳೆಯುವಾಗ ಕೆಲವು ಕಡೆ ಅವನ ಕೈ ನಿಧಾನವಾಗುತ್ತಿತ್ತು. ನಾಲ್ಕನೇ ದಿನ ಬೆಳಿಗ್ಗೆ ನನ್ನನ್ನು ಬಣ್ಣದ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದ.

"ಕಸ್ತೂರಿ, ನಿನಗ ಆಯಿ ಕನ್ನಡ ಕಲಿಸ್ಯಾಳಲ್ಲ?"

"ಹೌದು."

"ಪೂರಾ ಬರ್ತದ?"

"ಒತ್ತಕ್ಷರನೂ ಬರ್ತಾವ."

ಅಪ್ಪ ಸ್ವಲ್ಪ ಹೊತ್ತು ಕುಂಚದ ಕೂದಲು ಸರಿಮಾಡುತ್ತ ಕೂತ.

"ನನಗ ಬರಂಗಿಲ್ಲವ್ವ. ನಾ ಓದಿದ್ದು ಉರ್ದು ಸಾಲಿ. ಕನ್ನಡ ಮಾತಾಡ್ತೇನಿ, ಬರ್ಯಾಕ ಬರಂಗಿಲ್ಲ. ಯಾರ ಮುಂದೂ ಅನಬ್ಯಾಡ. ನನಗ ಕಲಿಸು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಡೀ ಬೀದರಿಗೆ ಅಕ್ಷರ ಬರೆದವನು ನನ್ನ ಮುಂದೆ ಪಾಟಿ ಹಿಡಿದು ಕೂತಿದ್ದಾನೆ! ಆಯಿ ವಚನದ ಪುಸ್ತಕದ ಮೇಲೆ ನನ್ನ ಬೆರಳು ಹಿಡಿದು ಓಡಿಸಿ ಕಲಿಸಿದ್ದಳು, ನಾನೂ ಅಪ್ಪನ ಬೆರಳು ಹಿಡಿದೆ. ಅವನು ಅಕ್ಷರಗಳನ್ನು ಓದುವ ಬದಲು ಚಿತ್ರದಂತೆ ನೋಡುತ್ತಿದ್ದ. ಇದು ಕಿವಿ, ಇದು ಮೊರ, ಇದರ ತಲೆಗೆ ಮುಂಡಾಸು ಎನ್ನುತ್ತಿದ್ದ. ಬಲದಿಂದ ಎಡಕ್ಕೆ ಓಡುವ ಅಭ್ಯಾಸದ ಕೈ ಮೊದಲೆರಡು ದಿನ ತಿರುಗಿ ತಿರುಗಿ ಹಿಂದಕ್ಕೇ ಹೋಗುತ್ತಿತ್ತು. ಮೂರನೇ ದಿನ ಅದಕ್ಕೆ ದಾರಿ ಸಿಕ್ಕಿತು. ಉರ್ದುವಿನ ಓಲಾಟ ನಮ್ಮ ದುಂಡಕ್ಷರದೊಳಗೆ ಸೇರಿಕೊಂಡು, ಒಂದೊಂದು ಗೆರೆ ದಪ್ಪದಲ್ಲಿ ಶುರುವಾಗಿ ಕೂದಲೆಳೆಯಲ್ಲಿ ಮುಗಿಯುವಂಥ ಕನ್ನಡ ಹುಟ್ಟಿತು. ಅಂಥ ಅಕ್ಷರವನ್ನು ನಾನು ಆಮೇಲೆ ಬೇರೆಲ್ಲೂ ನೋಡಲಿಲ್ಲ. ಆದರೂ ಕಾಗುಣಿತದಲ್ಲಿ ಅವನಿಗೆ ಭರವಸೆ ಇರಲಿಲ್ಲ. ಅದಕ್ಕೆ ನಾನು ಮೊದಲು ದೊಡ್ಡ ಕಾಗದದ ಮೇಲೆ ಬರೆದುಕೊಡುವುದು, ಅವನು ತಿದ್ದಿ ಚಂದ ಮಾಡುವುದು, ಆಮೇಲೆ ಗೆರೆಯ ಉದ್ದಕ್ಕೂ ಸೂಜಿಯಿಂದ ತೂತು ಚುಚ್ಚುವುದು ಎಂದಾಯಿತು. ಕಾಗದವನ್ನು ಗೋಡೆಗೆ ಹಿಡಿದು ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಅಕ್ಷರ ಚುಕ್ಕಿಚುಕ್ಕಿಯಾಗಿ ಮೂಡುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಕೆಲಸ ಬಂದದ್ದು ಭಾಲ್ಕಿಯಿಂದ. ಅಲ್ಲಿ ಊರವರೇ ಕೂಡಿ ಒಂದು ವಾಚನಾಲಯ ಕಟ್ಟಿಸಿದ್ದರು. ಹೊಸ ರಾಜ್ಯ ಹುಟ್ಟುವ ದಿನವೇ ಅದರ ಬಾಗಿಲು ತೆರೆಯಬೇಕು. ಮುಂದಿನ ಗೋಡೆಯ ಉದ್ದಕ್ಕೂ ದೊಡ್ಡ ನೀಲಿ ಅಕ್ಷರದಲ್ಲಿ "ಸಾರ್ವಜನಿಕ ವಾಚನಾಲಯ, ಭಾಲ್ಕಿ, ಮೈಸೂರು ರಾಜ್ಯ" ಎಂದು ಬರೆಯಬೇಕು. ನನಗೂ ಕರೆ ಬಂತು, ಕಾಗದ ಹಿಡಿಯಲು. ಹೊರಡುವ ಹಿಂದಿನ ದಿನ ಅಪ್ಪ ಅಂಗಳದಿಂದ ಕೂಗಿ, ನೀಲಿ ತುಂಬಿಕೋ ಎಂದ. ನಾನು ಹಲಗೆಯ ಮುಂದೆ ನಿಂತೆ. ಎರಡೂ ಮುಚ್ಚಳ ತೆಗೆದು ನೋಡಿದೆ. ಬಟ್ಟೆಯ ನೀಲಿ ದಿನಾ ನೋಡುವ ನೀಲಿ, ನೆನೆಸಿದ ಧೋತರದ ನೀಲಿ. ಮುಂಬಯಿಯದು ನವಿಲಿನ ಕೊರಳು! ಯಾವುದು ಎಂದು ಅಪ್ಪನನ್ನು ಕೇಳಬಹುದಿತ್ತು. ಕೇಳಿದರೆ ಹಳೆಯದನ್ನೇ ಹೇಳಿಬಿಟ್ಟಾನು ಎಂದು ಕೇಳಲಿಲ್ಲ. ನನ್ನ ಕನ್ನಡಕ್ಕೆ ನವಿಲಿನ ನೀಲಿಯೇ ಬೇಕಿತ್ತು.

ರೈಲಿನಲ್ಲಿ ಭಾಲ್ಕಿಗೆ ಹೋದೆವು. ವಾಚನಾಲಯದ ಹಿರಿಯರು ಒಬ್ಬ ವಕೀಲರು, ಬಿಳಿ ಟೋಪಿ, ವಿಭೂತಿ, ಜೋರು ದನಿ. ನಮ್ಮನ್ನು ತಮ್ಮ ಮನೆಯಲ್ಲೇ ಇಳಿಸಿಕೊಂಡರು. ಗೋಡೆಗೆ ಹಿಂದಿನ ದಿನವಷ್ಟೇ ಸುಣ್ಣ ಹೊಡೆದಿದ್ದರು, ಮುಟ್ಟಿದರೆ ಇನ್ನೂ ತಂಪು. ಅಪ್ಪ ಅಂಟಿನ ನೀರಿನಲ್ಲಿ ನೀಲಿ ಕದಡಿ ತುದಿಬೆರಳಿಗೆ ಹಚ್ಚಿಕೊಂಡು ನೋಡಿದ.

"ಇದು ಭಾಳ ಗಾಢ ಆಗ್ಯದಲ್ಲ ಬೇ?"

"ಛಂದ ಕಾಣ್ತದಪ್ಪಾ," ಎಂದೆ.

ಅವನಿಗೂ ಚಂದವೇ ಕಂಡಿರಬೇಕು. ಇಬ್ಬರೂ ಹುಮ್ಮಸ್ಸಿನಲ್ಲಿ ಕೆಲಸಕ್ಕೆ ಬಿದ್ದೆವು. ನಾನು ಕೆಳಗಿನಿಂದ ಚುಕ್ಕಿ ತಟ್ಟುತ್ತ ಹೋದೆ, ಅವನು ಏಣಿಯ ಮೇಲೆ. ಹೊತ್ತು ಇಳಿಯುವ ಮೊದಲೇ ಮುಗಿಯಿತು. ಸಂಜೆಯ ಬಿಸಿಲಿನಲ್ಲಿ ಬಿಳಿ ಗೋಡೆಯ ಮೇಲೆ ಆ ನೀಲಿ ಎಷ್ಟು ಮೆರೆಯಿತೆಂದರೆ, ದಾರಿಯಲ್ಲಿ ಹೋಗುವವರು ಬಂಡಿ ನಿಲ್ಲಿಸಿ ನೋಡಿದರು. ಓದು ಬಾರದ ಒಬ್ಬಾಕೆ ಅಲ್ಲಿ ಏನು ಬರೆದಿದೆ ಎಂದು ನನ್ನನ್ನು ಕೇಳಿದಳು. ನಾನು ಒಂದೊಂದೇ ಅಕ್ಷರಕ್ಕೆ ಬೆರಳು ತೋರಿಸಿ ಓದಿ ಹೇಳಿದೆ.

ಬೆಳಿಗ್ಗೆ ನಮ್ಮನ್ನು ಎಬ್ಬಿಸಿದ್ದು ವಕೀಲರ ದನಿ.

"ಶಿವಲಿಂಗಪ್ಪನವರ, ಜಲ್ದಿ ಬರ್ರಿ! ಗ್ವಾಡಿಗಿ ಏನ್ ಆಗ್ಯದ ನೋಡ್ರಿ!"

ಓಡಿದೆವು. ನೀಲಿ ಎಲ್ಲೂ ಇರಲಿಲ್ಲ. ಅಕ್ಷರಗಳೆಲ್ಲ ತಮ್ಮ ಜಾಗದಲ್ಲೇ ಇದ್ದವು, ಆದರೆ ಎಲ್ಲವೂ ತುಕ್ಕಿನ ಬಣ್ಣಕ್ಕೆ ತಿರುಗಿದ್ದವು. ಕೆಲವು ಗೆರೆಗಳ ತುದಿಯಲ್ಲಷ್ಟೇ ಕೊಳಕು ನೀಲಿಯ ನೆನಪಿನಂತೆ ಏನೋ ಉಳಿದಿತ್ತು. ಆಗಲೇ ಹತ್ತಿಪ್ಪತ್ತು ಜನ ಸೇರಿದ್ದರು. ಮೈಸೂರಿನ ಹೆಸರು ಬರೆದದ್ದಕ್ಕೇ ಹೀಗಾಯಿತು, ಇದು ಒಳ್ಳೆಯ ಸೂಚನೆಯಲ್ಲ ಎಂದು ಯಾರೋ ಹಿಂದಿನಿಂದ ಅಂದರು. ಸಮಾರಂಭ ಮರುದಿನ ಬೆಳಿಗ್ಗೆ. ಅಪ್ಪ ಗೋಡೆಯ ಹತ್ತಿರ ಹೋಗಿ ಅಕ್ಷರವನ್ನು ಮುಟ್ಟಿದ, ಮೂಸಿದ, ಹಿಂದಕ್ಕೆ ಬಂದು ನಿಂತ. ಇಷ್ಟು ವರ್ಷದ ಕೆಲಸದಲ್ಲಿ ಅವನ ಮುಖ ಹಾಗೆ ಇಳಿದದ್ದನ್ನು ನಾನು ನೋಡಿರಲಿಲ್ಲ.

"ಯಾರರೆ ಏನರೆ ಹಚ್ಯಾರೇನ್ರಿ?" ಎಂದು ವಕೀಲರು ಕೇಳಿದರು.

"ಇಲ್ರಿ. ನನಗೂ ತಿಳೀವಲ್ದು."

ನನಗೆ ಮಾತ್ರ ತಿಳಿಯುತ್ತಿತ್ತು. ಆ ತುಕ್ಕಿನ ಬಣ್ಣ ನೋಡಿದ ಕೂಡಲೇ ಅಡುಗೆಮನೆಯಲ್ಲಿ ಮಾಮಾ ಹೇಳಿದ ಮಾತು ಎದ್ದು ನಿಂತಿತು. ನೀಲಿಯೊಳಗೆ ಕಬ್ಬಿಣ. ಹೆದರಿಕೆಯಾದರೂ ಅದರ ಜೊತೆಯಲ್ಲೇ ಇನ್ನೊಂದು ಏನೋ ನನ್ನನ್ನು ಒಳಗಿನಿಂದ ತಳ್ಳುತ್ತಿತ್ತು. ಅದು ನಿಜವೋ ಅಲ್ಲವೋ ನೋಡಲೇಬೇಕು ಎನ್ನುವ ತವಕ. ನಾನು ಒಳಗೋಡಿ ಡಬ್ಬಿ ತಂದೆ. ಸುಣ್ಣದ ಬಕೀಟಿನ ತಳದಲ್ಲಿ ಉಳಿದಿದ್ದ ನೀರನ್ನು ಒಂದು ಬಿಳಿ ಬಶಿಯಲ್ಲಿ ಹಾಕಿ, ಎಲ್ಲರ ಮುಂದೆ ಅದಕ್ಕೆ ಚಿಟಿಕೆ ನೀಲಿ ಬಿಟ್ಟು ಬೆರಳಿನಿಂದ ಕದಡಿದೆ. ನವಿಲಿನ ಕೊರಳು ನೋಡನೋಡುತ್ತಿದ್ದಂತೆ ಮಂಕಾಯಿತು, ಮಾಸಿತು, ಕಂದಾಯಿತು.

"ಅಪ್ಪಾ, ತಪ್ಪು ನಂದು," ಎಂದೆ. "ನಾ ಬಂಬಯಿ ನೀಲಿ ತುಂಬಿದೆ. ಬೇಕಂತೇ ತುಂಬಿದೆ. ಛಂದ ಇತ್ತಂತ. ಇದು ಸುಣ್ಣದಾಗ ನಿಲ್ಲಂಗಿಲ್ಲ. ಇದರೊಳಗಿನ ಕಬ್ಬಿಣ ಹೊರಗ ಬಂದದ."

ಅಪ್ಪ ಹೊಡೆಯುತ್ತಾನೆ ಎಂದು ನಾನು ಕಣ್ಣು ಮುಚ್ಚಿದೆ. ಅವನು ಬಶಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಬಿಸಿಲಿಗೆ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದ.

"ಮತ್ತ ಬಟ್ಟಿ ನೀಲಿ? ಅದು ನಿಲ್ತದೇನು?"

ನಾನು ಬಾಯಿ ತೆರೆಯುವ ಮೊದಲೇ ವಕೀಲರ ಹೆಂಡತಿ ಬಾಗಿಲಿನಿಂದ ಹೇಳಿದರು. "ನಿಲ್ಲದೇ ಏನ್ರಿ? ಹಬ್ಬಕ್ಕೊಮ್ಮಿ ಸುಣ್ಣ ಹೊಡಿಯಾಗ ಅದೇ ನೀಲಿ ಹಾಕ್ತೇವಲ್ಲ. ನಮ್ಮ ಗ್ವಾಡಿ ನೋಡ್ರಿ."

ಹೌದಲ್ಲ! ಊರಿನ ಎಲ್ಲ ಗೋಡೆಗಳೂ ಸಾಕ್ಷಿ ಹೇಳುತ್ತ ನಿಂತಿದ್ದವು. ಆದರೆ ನಾವು ತಂದಿದ್ದ ಡಬ್ಬಿಯಲ್ಲಿ ಅದು ಒಂದು ಚಿಟಿಕೆಯೂ ಇರಲಿಲ್ಲ. ಅಂದು ಸಂತೆಯ ದಿನವಲ್ಲ, ಅಂಗಡಿಯಲ್ಲಿ ಸಿಕ್ಕದ್ದು ನಾಲ್ಕೇ ಪುಡಿಕೆ. ಆಗ ವಕೀಲರ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಓಣಿಗಿಳಿದರು, ನಾನು ಹಿಂದೆ. ಮನೆಮನೆಯ ಮುಂದೆ ನಿಂತು ನೀಲಿ ಕೊಡ್ರಿ, ವಾಚನಾಲಯಕ್ಕ ನೀಲಿ ಕೊಡ್ರಿ ಎಂದು ಕೇಳಿದೆವು. ಕೆಲವರು ಕಾಗದದ ಪುಡಿಕೆ ಕೊಟ್ಟರು, ಕೆಲವರು ಬಚ್ಚಲಿನ ಗೂಟಕ್ಕೆ ಕಟ್ಟಿದ್ದ ಒದ್ದೆ ಗಂಟನ್ನೇ ಬಿಚ್ಚಿ ಕೊಟ್ಟರು. ಸಾಯಗಾಂವದಿಂದ ಮಗಳ ಮನೆಗೆ ಬಂದಿದ್ದ ಮುದುಕಿಯೊಬ್ಬಳು ಅದು ಯಾವ ದೇವರಿಗೆ ಎಂದು ಕೇಳಿ, ಓದೋ ಮನಿಗಿ ಎಂದು ನಾನು ಹೇಳಿದ ಮೇಲೆ ಒಳಗೆ ಹೋಗಿ ಎರಡು ಪುಡಿಕೆ ತಂದಳು. ನನ್ನ ಮಡಿಲೆಲ್ಲ ನೀಲಿಯಾಗಿತ್ತು. ಒಂದು ತಾಸಿನಲ್ಲಿ ಒಂದು ಪಾತ್ರೆ ತುಂಬಿತು.

ಮರಳಿ ಬಂದಾಗ ಅಪ್ಪ ಏಣಿಯ ಕೆಳಗೆ ಸುಮ್ಮನೆ ಕೂತು ಗೋಡೆ ನೋಡುತ್ತಿದ್ದ. ಕೆರೆದು ಮತ್ತೆ ಸುಣ್ಣ ಹೊಡೆಯಲು ಇಬ್ಬರು ಆಳು ಬಂದು ನಿಂತಿದ್ದರು.

"ಕೆರೀಬ್ಯಾಡ್ರಿ," ಎಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿದ. ಬೆಳಗಿನಿಂದ ಮೊದಲ ಬಾರಿ ಅವನ ಕಣ್ಣು ಮಿನುಗುತ್ತಿತ್ತು. "ಕಾಗದ ಹಿಡಿ. ಮೊದ್ಲಿನ ಜಾಗಾದಾಗ ಬ್ಯಾಡ. ಎರಡು ಬಟ್ಟು ಎಡಕ್ಕ, ಎರಡು ಬಟ್ಟು ಮ್ಯಾಲ."

"ಯಾಕಪ್ಪಾ?"

"ಹಿಡಿ ಅಂದ್ರ ಹಿಡಿ."

ಮೊದಲ ಅಕ್ಷರ ಮುಗಿಯುವವರೆಗೆ ನನಗೆ ತಿಳಿಯಲೇ ಇಲ್ಲ. "ಸಾ" ಮುಗಿಸಿ ಅವನು ಏಣಿ ಇಳಿದು ಪಕ್ಕಕ್ಕೆ ಸರಿದಾಗ ನಾನು ಹಿಂದೆ ನಡೆದು ನೋಡಿದೆ. ಹೊಸ ನೀಲಿ ಅಕ್ಷರದ ಬಲಕ್ಕೂ ಕೆಳಕ್ಕೂ ಹಳೆಯ ಕಂದು ಅಕ್ಷರ ಅಷ್ಟಷ್ಟೇ ಇಣುಕುತ್ತಿತ್ತು. ಅದು ನೆರಳು! ಅಕ್ಷರ ಗೋಡೆ ಬಿಟ್ಟು ಗೇಣುದ್ದ ಮುಂದೆ ಬಂದು ಗಾಳಿಯಲ್ಲಿ ನಿಂತಂತೆ ಕಾಣುತ್ತಿತ್ತು. ನಾನು ಕುಣಿದಾಡಿಬಿಟ್ಟೆ. ಅಲ್ಲಿಂದ ಮುಂದೆ ಯಾರೂ ಮನೆಗೆ ಹೋಗಲಿಲ್ಲ. ಒಬ್ಬರು ಏಣಿ ಹಿಡಿದರು, ಒಬ್ಬರು ಅಂಟು ಕಾಯಿಸಿದರು, ವಕೀಲರೇ ಟೋಪಿ ತೆಗೆದಿಟ್ಟು ನೀಲಿ ಕದಡಿದರು. ಪ್ರತಿ ಅಕ್ಷರ ಮುಗಿದಾಗಲೂ ಸಾಲಾಗಿ ನಿಂತ ಜನ ಅದನ್ನು ಗಟ್ಟಿಯಾಗಿ ಓದುತ್ತಿದ್ದರು, ಓದು ಬಾರದವರು ಉಳಿದವರ ದನಿಗೆ ದನಿ ಸೇರಿಸುತ್ತಿದ್ದರು. ಕೊನೆಯ "ರಾಜ್ಯ"ದ ಯ ಒತ್ತು ಮುಗಿದಾಗ ಸೂರ್ಯ ಇನ್ನೂ ಮುಳುಗಿರಲಿಲ್ಲ.

ಮರುದಿನ ನೀಲಿ ನೀಲಿಯಾಗಿಯೇ ಇತ್ತು. ಹಾರ, ಬಾಜಾ, ಪೇಢೆ ಎಲ್ಲ ಆದ ಮೇಲೆ ಹೊರಗಿನಿಂದ ಬಂದಿದ್ದ ದೊಡ್ಡ ಅಧಿಕಾರಿಯೊಬ್ಬರು ಗೋಡೆಯ ಮುಂದೆ ನಿಂತು, ಇಂಥ ನೆರಳಿನ ಕೆಲಸ ಯಾರು ಮಾಡಿದ್ದು ಎಂದು ಕೇಳಿದರು. ವಕೀಲರು ಅಪ್ಪನನ್ನು ಮುಂದೆ ಮಾಡಿದರು. ಅಪ್ಪ ನನ್ನ ಭುಜ ಹಿಡಿದು ತನಗಿಂತ ಮುಂದೆ ನಿಲ್ಲಿಸಿದ.

"ನೀಲಿ ನಂದ್ರಿ, ನೆರಳು ಈಕೀದ್ರಿ," ಎಂದ.

ವಕೀಲರು ಜೋರಾಗಿ ನಕ್ಕರು. ಅಧಿಕಾರಿಗೆ ಅರ್ಥವಾಗಲಿಲ್ಲ, ಆದರೂ ನನ್ನ ಕೈಗೆ ಎರಡು ಪೇಢೆ ಹೆಚ್ಚು ಕೊಟ್ಟರು.

ಮನೆಗೆ ಬಂದು ಎಲ್ಲ ಹೇಳಿದಾಗ ಮಾಮಾ ಕುಣಿಯುವುದೊಂದು ಬಾಕಿ. ಅವನು ಬಟ್ಟೆಯ ನೀಲಿಯನ್ನು ಬಶಿಯಲ್ಲಿ ಹಾಕಿ ಅದರ ಮೇಲೆ ಲಿಂಬೆಹಣ್ಣು ಹಿಂಡಿದ. ಸುಣ್ಣಕ್ಕೆ ಜಗ್ಗದ ಆ ನೀಲಿ ಹುಳಿಗೆ ಮೆಲ್ಲಗೆ ಬಿಳುಚಿಕೊಂಡಿತು, ಕೊಳೆತ ತತ್ತಿಯ ವಾಸನೆಯೂ ಎದ್ದಿತು. ಅದು ಒಳಗಿದ್ದ ಗಂಧಕದ ವಾಸನೆ ಎಂದ. ಈ ನೀಲಿಯೊಳಗೆ ಕಬ್ಬಿಣವೂ ಇಲ್ಲ, ತಾಮ್ರವೂ ಇಲ್ಲ, ಬಿಳಿ ಮಣ್ಣು, ಸೋಡಾ, ಗಂಧಕ ಕೂಡಿಸಿ ಭಟ್ಟಿಯಲ್ಲಿ ಬೇಯಿಸಿದ್ದಷ್ಟೇ ಎಂದ. ಅದಾದ ಮೇಲೆ ನನಗೆ ಹುಚ್ಚು ಹಿಡಿದಂತಾಯಿತು. ವಿಷದ ಡಬ್ಬಿಗಳನ್ನು ಬಿಟ್ಟು ಉಳಿದ ಒಂದೊಂದು ಬಣ್ಣಕ್ಕೂ ಸುಣ್ಣದ ನೀರು, ಲಿಂಬೆ ರಸ, ಬೆಂಕಿ. ಗೇರು ಯಾವುದಕ್ಕೂ ಜಗ್ಗಲಿಲ್ಲ. ಕಾಡಿಗೆಯನ್ನು ಬೆಂಕಿಯೊಂದೇ ತಿಂದಿತು. ಉಪ್ಪಿನಕಾಯಿಗೆಂದು ತಂದ ಲಿಂಬೆಗಳೆಲ್ಲ ಖಾಲಿಯಾದದ್ದು ಗೊತ್ತಾಗಿ ಅವ್ವ ನನ್ನನ್ನೂ ಮಾಮಾನನ್ನೂ ಒಂದೇ ಬಡಿಗೆ ಹಿಡಿದು ಅಂಗಳದ ತುಂಬ ಓಡಿಸಿದಳು. ಮುಂದೆ ಮೂವತ್ತು ವರ್ಷ ನಾನು ಹುಡುಗಿಯರ ಸಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದೆ. ಆ ದಾರಿ ಹಿಡಿದದ್ದು ಆ ವಾರದಲ್ಲೇ ಎಂದು ಈಗ ಅನಿಸುತ್ತದೆ.

ಹಲಗೆಯ ಜಗಳವೇನೂ ತೀರಲಿಲ್ಲ. ಆಯಿ ತನ್ನ ಸಾಲು ಕದಲಿಸಲು ಬಿಡಲಿಲ್ಲ. ನೀಲಿ ನೀಲಿಯ ಪಕ್ಕವೇ ಇರಲಿ, ತಿಳಿಯದಿದ್ದವರು ಚೀಟಿ ಹಚ್ಚಿಕೊಳ್ಳಿ ಎಂದಳು. ಹಾಗಾಗಿ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬಣ್ಣದ ಹೆಸರು, ಕೆಳಗೆ ಮಾಮಾ ಹೇಳಿದಂತೆ ಒಳಗಿರುವುದು, ಅದರ ಕೆಳಗೆ ಅಪ್ಪ ಹೇಳಿದಂತೆ ನೆಲದ್ದೋ ಬೆಂಕಿಯದೋ ಕಾರ್ಖಾನೆಯದೋ. ಇಡೀ ಮಧ್ಯಾಹ್ನ ಬರೆದೆ. ಮುಂಬಯಿ ನೀಲಿಯ ಸರದಿ ಬಂದಾಗ ಅಪ್ಪ ಕೈಚಾಚಿ ಚೀಟಿ ತನಗೆ ಕೊಡು ಎಂದ. ನಾನು ಬರೆದುಕೊಡಲಿಲ್ಲ, ಚುಕ್ಕಿ ತಟ್ಟಲಿಲ್ಲ, ಅವನೂ ಕೇಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತು, ತುಟಿಯೊಳಗೇ ಅಂದುಕೊಳ್ಳುತ್ತ, ಬಹಳ ಹೊತ್ತು ಬರೆದ. ಒಣಗಲೆಂದು ಊದಿ ನನ್ನ ಮುಂದೆ ಇಟ್ಟ.

"ಸುಣ್ಣಕ ಹಚ್ಚ ಬ್ಯಾಡ್ರಿ" ಎಂದಿತ್ತು.

ಅಕ್ಷರಗಳು ಮುತ್ತು. ನನ್ನ ಕೈಯಲ್ಲಿ ಪೆನ್ಸಿಲು ಇತ್ತು, ಪುಸ್ತಕದ ಕನ್ನಡದಲ್ಲಿ ಹೀಗೆ ಬರೆಯುವುದಿಲ್ಲ ಎಂದು ತುಟಿಯವರೆಗೆ ಬಂದಿತ್ತು. ಅಪ್ಪ ನನ್ನನ್ನೇ ನೋಡುತ್ತಿದ್ದ.

"ಬರೋಬರಿ ಅದೇನು?"

"ಬರೋಬರಿ ಅದಪ್ಪಾ," ಎಂದು ಡಬ್ಬಿಗೆ ಅಂಟಿಸಿದೆ.